ಮೊಟ್ಟೆಗೆ ಮೂಲೆ ಯಾಕಿಲ್ಲ

ಭೂಮಿ, ಮೊದಲು ಆ ಕೋಳಿನ ಬಿಡು. ಬಿಡು ಅಂದ್ನಲ್ಲ! ತಂದು ಬುಟ್ಟಿಯೊಳಗೆ ಕೂರಿಸು. ಮೆತ್ತಗೆ, ಮೆತ್ತಗೆ. ಹಾಂ, ಅಲ್ಲೇ, ಮೊಟ್ಟೆ ಮೇಲೆ. ಹೆಂಗೆ ಕೂರಬೇಕು ಅಂತ ಅದಕ್ಕೆ ಗೊತ್ತು, ನೀನೇನೂ ಹೇಳಿಕೊಡಬೇಕಾಗಿಲ್ಲ.

ಅಯ್ಯೋ ನನ್ನ ತಾಯಿ, ಕಾವಿಗೆ ಕೂತಿರೋ ಕೋಳಿನ ಎತ್ತಿ ಹೊರಗೆ ಬಿಡ್ತಾರೇನೇ ಯಾರಾದ್ರೂ? ಆ ಗೋಡೆ ನೋಡು. ದಿನಕ್ಕೊಂದು ಇದ್ದಿಲ ಗೆರೆ ಎಳೆದಿದ್ದೀನಿ. ಇವತ್ತಿಂದು ಇಪ್ಪತ್ತೊಂದನೇದು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಬುಟ್ಟಿಯೊಳಗೆ ಒಂದು ಮೊಳೆ, ಒಂದು ಚೂರು ಇದ್ದಿಲು ಬೇರೆ ಇಟ್ಟಿದ್ದೀನಿ. ಗುಡುಗಿಂದ ಕಾಪಾಡಿದೆ, ಮೊಮ್ಮಗಳಿಂದ ಕಾಪಾಡೋದು ಮರೆತೆ ನೋಡು!

ಏನಂದೆ? ಕೋಳಿ ಇಷ್ಟು ದಪ್ಪ ಇದೆ, ಮೊಟ್ಟೆ ಒಡೆದು ಹೋಗುತ್ತೆ ಅಂತ ಎತ್ತಿದ್ಯಾ?

ಹ್ಞೂಂ. ಹಂಗಾದ್ರೆ ಬೈಯಲ್ಲ. ಒಳ್ಳೇ ಪ್ರಶ್ನೆ ಅದು. ಬಾ, ಈ ಮಣೆ ಮೇಲೆ ಕೂತ್ಕೋ. ನೀನು ಕೇಳಿದ್ದನ್ನ ನಿನಗಿಂತ ಮೊದಲು ಒಬ್ಬಳು ಕೇಳಿದ್ಲು. ಅವಳಿಗೆ ಉತ್ತರ ಹೇಳೋಕೆ ನನ್ನಂಥ ಅಜ್ಜಿ ಇರಲಿಲ್ಲ. ಪಾಪ, ತಾನೇ ಹುಡುಕಬೇಕಾಯ್ತು.

ಅದು ಯಾವ ಕಾಲ ಅಂದ್ರೆ, ಬೆಟ್ಟಗಳು ಆಗ ತಾನೇ ತಟ್ಟೆಗೆ ಹಾಕಿದ ಮುದ್ದೆ ಹಂಗೆ ಹಬೆಯಾಡ್ತಿದ್ದ ಕಾಲ. ಯಾವ ಕಡೆ ಹರೀಬೇಕು ಅಂತ ಹೊಳೆಗೆ ಇನ್ನೂ ತಿಳಿದಿರಲಿಲ್ಲ, ಇವತ್ತು ಈ ಕಡೆ ಹರಿದ್ರೆ ನಾಳೆ ಆ ಕಡೆ. ಗಾಳಿಗೆ ಹೊಸದಾಗಿ ಮಾತು ಬಂದಿತ್ತು, ಬಾಯಿ ಮುಚ್ತಾನೇ ಇರಲಿಲ್ಲ. ಕಲ್ಲು ಮಾತಾಡ್ತಿತ್ತು, ಕೋಳಿ ಮಾತಾಡ್ತಿತ್ತು, ಒಬ್ಬರ ಮಾತು ಒಬ್ಬರಿಗೆ ತಿಳೀತಿತ್ತು.

ಆ ಕಾಲದಲ್ಲಿ ಮೊಟ್ಟೆಗೆ ಮೂಲೆ ಇತ್ತು ಕಣೆ.

ನಗಬೇಡ. ಆರು ಮುಖ, ಎಂಟು ಮೂಲೆ, ಥೇಟ್ ಇಟ್ಟಿಗೆ. ಮೊಟ್ಟೆ ಹುಟ್ಟುವಾಗ ಕಲಸಿದ ಹಿಟ್ಟಿನ ಹಂಗೆ ಮೆತ್ತಗಿರೋದು. ತಾಯಂದಿರು ಅದನ್ನ ನಾಲ್ಕೂ ಕಡೆ ತಟ್ಟಿ, ಚೌಕ ಮಾಡಿ, ಗಾಳಿಗೆ ಆರೋಕೆ ಇಡೋರು. ಯಾಕೆ ಚೌಕ? ಎಲ್ಲರೂ ಹಂಗೇ ಮಾಡ್ತಿದ್ರು ಅಂತ ಎಲ್ಲರೂ ಹಂಗೇ ಮಾಡ್ತಿದ್ರು. ಇಟ್ಟ ಕಡೆ ಇರುತ್ತೆ, ಉರುಳಲ್ಲ, ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂರುತ್ತೆ ಅಂತ ಜಂಭ ಬೇರೆ.

ಹಾವು, ಆಮೆ, ಹಲ್ಲಿಗೆ ಏನೂ ತೊಂದರೆ ಇರಲಿಲ್ಲ. ಮಣ್ಣಲ್ಲಿ ಹೂತಿಟ್ಟು ಹೋಗೋವು, ಬಿಸಿಲೇ ಮರಿ ಮಾಡಿಕೊಡೋದು. ಕಷ್ಟ ಬಂದದ್ದು ಹಕ್ಕಿಗಳಿಗೆ. ಹಕ್ಕಿ ಮರಿಗೆ ಅಮ್ಮನ ಮೈ ಬಿಸಿನೇ ಬೇಕು. ಅಮ್ಮ ಕೂತರೆ ಮೊಟ್ಟೆ ಒಡೆಯುತ್ತೆ, ಕೂರದಿದ್ರೆ ಮರಿ ಚಳಿಗೆ ಸಾಯುತ್ತೆ. ಆಗ ಇದ್ದ ಹಕ್ಕಿಗಳನ್ನೆಲ್ಲ ಸೃಷ್ಟಿ ಮಾಡಿದವನು ಮಣ್ಣಿಂದ ತಟ್ಟಿ ಹಾರಿಬಿಟ್ಟಿದ್ದ. ಮೊಟ್ಟೆಯಿಂದ ಬಂದ ಹಕ್ಕಿ ಅಂತ ಜಗತ್ತಿನಲ್ಲಿ ಒಂದೂ ಇರಲಿಲ್ಲ. 'ಇರೋರು ಇದ್ದಷ್ಟು ದಿನ ಇರೋಣ, ಆಮೇಲೆ ಹಕ್ಕಿಗಳೇ ಇರಲ್ಲ' ಅಂತ ಎಲ್ಲರೂ ಕೈ ಚೆಲ್ಲಿ ಕೂತಿದ್ರು.

ಒಬ್ಬಳು ಮಾತ್ರ ಕೈ ಚೆಲ್ಲಲಿಲ್ಲ. ಅವಳೇ ಬೂದಕ್ಕ, ಬೂದಿ ಬಣ್ಣದ ಹೇಂಟೆ. ಅವಳ ಗಂಡ ಜುಟ್ಟಪ್ಪ ಅಂತ ಒಬ್ಬ ಹುಂಜ. ಮೈತುಂಬ ಬಣ್ಣ, ಬಾಯಿತುಂಬ ಮಾತು, ಕೆಲಸಕ್ಕೆ ಮಾತ್ರ ಸೊನ್ನೆ.

ಬೂದಕ್ಕ ಮೊದಲ ಸಲ ಮೂರು ಮೊಟ್ಟೆ ಇಟ್ಟಳು. ತಟ್ಟಿ, ಆರಿಸಿ, ಮೇಲೆ ಕೂತ್ಲು. ಲಟಕ್! ಮೂರೂ ಹೋದವು. ಎರಡನೇ ಸಲ ಮೂರು ಇಟ್ಟಳು. ಈ ಸಲ ಕೂರೋದೇ ಬೇಡ ಅಂತ ಮೊಟ್ಟೆ ಮೇಲೆ ರೆಕ್ಕೆ ಹರಡಿ ನಿಂತೇ ಇದ್ಲು. ಒಂದು ದಿನ, ಎರಡು ದಿನ, ಆರು ದಿನ. ಕಾಲು ಬಾತು ಕಂಬ ಆಯ್ತು. ಏಳನೇ ದಿನ ಒಂದು ಚಣ ಕಣ್ಣು ಮುಚ್ಚಿದ್ಲು ನೋಡು, ಕುಸಿದು ಬಿದ್ಲು. ಲಟಕ್!

"ಹೋಗ್ಲಿ ಬಿಡೇ," ಅಂದ ಜುಟ್ಟಪ್ಪ. "ನಾನಿದ್ದೀನಲ್ಲ."

"ನೀವು ಮೊಟ್ಟೆಯಿಂದ ಬಂದ್ರಾ?" ಅಂದ್ಲು ಬೂದಕ್ಕ. "ನನಗೆ ನನ್ನ ಮರಿ ಬೇಕು."

ಚಪ್ಪಟೆ ಮುಖದ ಮೊಟ್ಟೆ ಯಾಕೆ ಒಡೀತು ಗೊತ್ತಾ? ಎರಡು ಕಲ್ಲಿನ ಮೇಲೆ ಒಂದು ಹಪ್ಪಳ ಇಟ್ಟು ನಡುವೆ ಬೆರಳು ಒತ್ತಿ ನೋಡು. ಅಂಚಿಗೆ ಕಲ್ಲಿನ ಆಸರೆ ಇದೆ. ನಡುವಿಗೆ ಯಾರೂ ಇಲ್ಲ. ಭಾರ ಬಂದಾಗ ನಡು ತಗ್ಗುತ್ತೆ, ತಗ್ಗಿದಾಗ ಕೆಳಗಿನ ಮೈ ಎಳೆದು ಬಿರಿಯುತ್ತೆ. ಅಷ್ಟೇ ಕತೆ. ಆದ್ರೆ ಬೂದಕ್ಕನಿಗೆ ಇದೆಲ್ಲ ಹೇಳೋರು ಯಾರು?

ಅವಳು ನೆಟ್ಟಗೆ ಹೋಗಿ ಊರ ಮುಂದಿನ ಹೆಬ್ಬಂಡೆನ ಕೇಳಿದ್ಲು. "ಬಂಡೆಯಪ್ಪ, ನಿನ್ನ ಮೇಲೆ ಆನೆ ಕೂತರೂ ನೀನು ಒಡೆಯಲ್ಲ. ಏನು ಗುಟ್ಟು?"

ಬಂಡೆಯಪ್ಪ ಆಕಳಿಸಿದ. ಒಂದು ಆಕಳಿಕೆಗೆ ಅರ್ಧ ದಿನ ಬೇಕು ಅವನಿಗೆ. "ದಪ್ಪ ಇರಬೇಕಮ್ಮ," ಅಂದ. "ನನ್ನ ನೋಡು. ಹೊರಗೂ ಕಲ್ಲು, ಒಳಗೂ ಕಲ್ಲು. ತೆಳ್ಳಗಿರೋದೆಲ್ಲ ಒಡೆಯುತ್ತೆ. ದಪ್ಪಕ್ಕೆ ಸಾವಿಲ್ಲ."

ಇಷ್ಟೇ ತಾನೇ ಅಂತ ಬೂದಕ್ಕ ಸುಣ್ಣಕಲ್ಲು ತಿನ್ನೋಕೆ ಶುರು ಮಾಡಿದ್ಲು. ಬೆಳಗ್ಗೆ ಸುಣ್ಣಕಲ್ಲು, ಮಧ್ಯಾಹ್ನ ಸುಣ್ಣಕಲ್ಲು, ಸಂಜೆ ಸುಣ್ಣಕಲ್ಲು. ಹುಳ ಹುಪ್ಪಟೆ ಮೂಸಿ ಕೂಡ ನೋಡಲಿಲ್ಲ. ಆ ಸಲ ಇಟ್ಟ ಮೂರು ಮೊಟ್ಟೆಗೆ ಹೆಬ್ಬೆರಳು ಗಾತ್ರದ ಗೋಡೆ! ಉಸಿರು ಬಿಗಿ ಹಿಡಿದು ಕೂತ್ಲು. ಒಡೀಲಿಲ್ಲ. ಎದ್ದು ಮತ್ತೆ ಕೂತ್ಲು. ಒಡೀಲಿಲ್ಲ! ಜುಟ್ಟಪ್ಪ ಬೇಲಿ ಹತ್ತಿ, "ನಮ್ಮ ಮನೆಯೋಳು ಗೆದ್ಲು!" ಅಂತ ಕೂಗಿದ. ಹಕ್ಕಿಗಳೆಲ್ಲ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟವು. ಬೆರಳೆಲ್ಲಿತ್ತು ಅಂತ ಕೇಳಬೇಡ, ಕತೆ ಕೇಳು.

ಇಪ್ಪತ್ತೊಂದು ದಿನ ಅನ್ನ ನೀರು ಮರೆತು ಕೂತ್ಲು. ಇಪ್ಪತ್ತೊಂದನೇ ದಿನ ಮೊಟ್ಟೆಯೊಳಗಿಂದ ಸದ್ದು ಬಂತು. ಟಕ್. ಟಕ್ ಟಕ್.

"ಬಾ ಕಂದ, ಬಾ," ಅಂದ್ಲು ಬೂದಕ್ಕ.

ಟಕ್ ಟಕ್. ಟಕ್ ಟಕ್ ಟಕ್. ಗೋಡೆಯಲ್ಲಿ ಒಂದು ಗೀರು ಕೂಡ ಬೀಳಲಿಲ್ಲ. ಬೀಳೋದು ಹೆಂಗೆ? ಅಕ್ಕಿ ಕಾಳಷ್ಟು ಕೊಕ್ಕು, ಹೆಬ್ಬೆರಳು ಗಾತ್ರದ ಕಲ್ಲು! ಬೂದಕ್ಕ ಹೊರಗಿಂದ ಕುಕ್ಕಿದ್ಲು. ಕೊಕ್ಕಿನ ತುದಿ ಮುರೀತು, ಗೋಡೆ ಮುರೀಲಿಲ್ಲ. "ಮರಕುಟಿಗನ್ನ ಕರೀರಿ!" ಅಂತ ಚೀರಿದ್ಲು. ಆವತ್ತು ಮೊದಲ ಸಲ ಜುಟ್ಟಪ್ಪ ಮಾತಾಡದೆ ಓಡಿದ. ಮರಕುಟಿಗ ಬಂದು ಕುಟ್ಟಿದ, ಕುಟ್ಟಿದ, ಕುಟ್ಟಿದ. ಒಳಗಿನ ಟಕ್ ಟಕ್ ನಿಧಾನ ಆಯ್ತು. ಆಮೇಲೆ ನಿಂತುಹೋಯ್ತು. ಗೋಡೆ ಒಡೆದಾಗ ತಡವಾಗಿತ್ತು.

ಮೂರಕ್ಕೆ ಮೂರೂ. ಹ್ಞೂಂ. ಕಣ್ಣೊರೆಸ್ಕೋ ತಾಯಿ. ಇರು, ನಾನೂ ಒರೆಸ್ಕೋತೀನಿ.

ಮರಕುಟಿಗ ತಲೆ ತಗ್ಗಿಸಿ ಹೇಳಿದ: "ಬೂದಕ್ಕ, ತಪ್ಪು ನಿಂದಲ್ಲ. ನೀನು ಪ್ರೀತಿಯಿಂದ ಗೋಡೆ ದಪ್ಪ ಮಾಡಿದೆ. ಆದ್ರೆ ನೀನು ಬುದ್ಧಿ ಕೇಳಿದ್ದು ಬಂಡೆನ. ಬಂಡೆಯೊಳಗೆ ಮರಿ ಇಲ್ಲ, ಅದಕ್ಕೆ ಬಾಗಿಲು ಬೇಕಾಗಿಲ್ಲ."

ಈ ಮಾತು ಬೂದಕ್ಕನ ಎದೆಗೆ ನಾಟ್ತು. ಅತ್ತಳು, ಮೂರು ದಿನ ಅತ್ತಳು. ನಾಲ್ಕನೇ ದಿನ ಎದ್ದು ಮೈ ಕೊಡವಿದ್ಲು. "ನನಗೆ ಬೇಕಾದ್ದು ದಪ್ಪ ಗೋಡೆ ಅಲ್ಲ," ಅಂದ್ಲು. "ಹೊರಗಿನ ಭಾರಕ್ಕೆ ಗಟ್ಟಿ ಇರಬೇಕು, ಒಳಗಿನ ಕೂಸಿಗೆ ಹಗುರ ಇರಬೇಕು. ಅಂಥ ಗೋಡೆ ಬೇಕು."

ಕೇಳಿದ ಹಕ್ಕಿಗಳೆಲ್ಲ ಬಿದ್ದು ಬಿದ್ದು ನಕ್ಕವು. "ಗೋಡೆ ಒಂದೇ, ಗುಣ ಎರಡಾ? ಅಕ್ಕನಿಗೆ ತಲೆ ಕೆಟ್ಟಿದೆ!" ಗಾಳಿಯಂತೂ ಈ ಮಾತನ್ನ ಹೊತ್ತುಕೊಂಡು ಹೋಗಿ ಮೂರು ಕಾಡಿಗೆ ಹಂಚಿ ಬಂತು.

ಬೂದಕ್ಕ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಹೊರಟೇ ಬಿಟ್ಲು. ಗಟ್ಟಿಗಿತ್ತಿ ಕಣೆ ಅವಳು! ನಡೆದು ನಡೆದು ಹೊಳೆ ಹತ್ತಿರ ಬಂದ್ಲು. ಅಷ್ಟೊತ್ತಿಗೆ ಜೋರು ಮಳೆ. ಹೊಳೆಯ ಮೇಲೆ ಈ ದಂಡೆಯಿಂದ ಆ ದಂಡೆಗೆ ಕಲ್ಲಿನದೊಂದು ಸೂರು ಇತ್ತು, ಕಾಮನಬಿಲ್ಲಿನ ಹಂಗೆ ಬಾಗಿತ್ತು. ಅದರ ಕೆಳಗೆ ನುಗ್ಗಿ ಮುದುರಿಕೊಂಡ್ಲು. ನುಗ್ಗಿದ ಮೇಲೆ ತಲೆ ಎತ್ತಿ ನೋಡ್ತಾಳೆ, ಸೂರು ಒಂದು ಮೊಳ ದಪ್ಪ ಕೂಡ ಇಲ್ಲ! ಅಷ್ಟರಲ್ಲಿ ಮೇಲಿಂದ ದಡ್ ದಡ್ ದಡ್ ಅಂತ ಸದ್ದು. ಆನೆ ಹಿಂಡು ಹೊಳೆ ದಾಟ್ತಿತ್ತು, ಅದೇ ಸೂರಿನ ಮೇಲೆ.

"ಸತ್ತೆ!" ಅಂತ ಕಣ್ಣು ಮುಚ್ಚಿದ್ಲು. ಒಂದು ಆನೆ ದಾಟ್ತು. ಎರಡು ದಾಟ್ತು. ಏಳು ದಾಟಿದವು. ಒಂದು ಹರಳೂ ಕೆಳಗೆ ಉದುರಲಿಲ್ಲ.

ಬೂದಕ್ಕ ಒಂದು ಕಣ್ಣು ಬಿಟ್ಟು ಕೇಳಿದ್ಲು: "ಹೊಳೆಯಮ್ಮ, ಇಷ್ಟು ತೆಳ್ಳಗಿರೋ ಸೂರು ಅಷ್ಟು ಭಾರ ಹೆಂಗೆ ತಡೀತು?"

ಹೊಳೆಯಮ್ಮ ನಕ್ಕಳು. "ಮೊದಲು ಇದೂ ಚಪ್ಪಟೆ ಚಪ್ಪಡಿ ಆಗಿತ್ತು ಮಗಳೇ. ನಡುವಿನ ಕಲ್ಲುಗಳು ಬಿರಿದು ಬಿರಿದು ನನ್ನ ಮಡಿಲಿಗೆ ಬಿದ್ದವು. ಬೀಳೋದೆಲ್ಲ ಬಿದ್ದ ಮೇಲೆ ಉಳಿದದ್ದು ಈ ಬಾಗಿದ ಕಲ್ಲುಗಳು. ಅವು ಯಾಕೆ ಬೀಳಲಿಲ್ಲ ಅಂತ ಅವನ್ನೇ ಕೇಳು."

ನೆತ್ತಿಯ ಮೇಲಿನ ಕಲ್ಲು ಹೇಳ್ತು: "ನನ್ನ ಮೇಲೆ ಆನೆ ಕಾಲಿಟ್ಟರೆ ನಾನೊಬ್ಬನೇ ಹೊರಲ್ಲ. ಈ ಪಕ್ಕದವನ ಹೆಗಲಿಗೆ ಅರ್ಧ, ಆ ಪಕ್ಕದವನ ಹೆಗಲಿಗೆ ಅರ್ಧ ದಾಟಿಸ್ತೀನಿ. ಅವರು ಪಕ್ಕದವರಿಗೆ, ಪಕ್ಕದವರು ಅವರ ಪಕ್ಕದವರಿಗೆ. ಕೊನೆಗೆ ಭಾರ ನೆಲಕ್ಕೆ. ನೆಲಕ್ಕೆ ಯಾವ ಆನೆ ಭಾರ? ಮೇಲಿಂದ ಒತ್ತಿದಷ್ಟೂ ನಾವು ಒಬ್ಬರಿಗೊಬ್ಬರು ಬಿಗಿಯಾಗಿ ಒರಗ್ತೀವಿ."

ಬೂದಕ್ಕ ಕತ್ತು ಓರೆ ಮಾಡಿದ್ಲು. ಕೋಳಿಗಳು ಯೋಚನೆ ಮಾಡುವಾಗ ಹಂಗೇ ಅಲ್ವಾ? "ಮೇಲಿಂದ ಒತ್ತಿದ್ರೆ ಸರಿ," ಅಂದ್ಲು. "ಕೆಳಗಿಂದ ಗುದ್ದಿದ್ರೆ?"

ಕಲ್ಲುಗಳು ಒಂದರ ಮುಖ ಒಂದು ನೋಡಿಕೊಂಡವು.

"ಹೇಳ್ರಪ್ಪ."

"ಅದೊಂದು ಕೇಳಬೇಡ," ಅಂತು ನೆತ್ತಿಯ ಕಲ್ಲು. "ನಮ್ಮ ಮಾನದ ಪ್ರಶ್ನೆ."

"ಹೇಳ್ರಪ್ಪ, ದಮ್ಮಯ್ಯ. ಮೂರು ಕೂಸು ಕಳ್ಕೊಂಡು ಬಂದಿದ್ದೀನಿ."

ಆಗ ನೆತ್ತಿಯ ಕಲ್ಲು ಮೆಲ್ಲಗೆ ಹೇಳ್ತು: "ಕೆಳಗಿಂದ ಯಾರಾದ್ರೂ ಗುದ್ದಿದರೆ ನಾವು ಬಿಡಿಬಿಡಿ. ಆ ಕಡೆಯಿಂದ ಬಂದ ಪೆಟ್ಟು ನಮ್ಮನ್ನ ಒರಗಿಸಲ್ಲ, ಅಗಲಿಸುತ್ತೆ. ಹೋದ ಮಳೆಗಾಲದಲ್ಲಿ ನೆರೆಯಲ್ಲಿ ಬಂದ ಒಂದು ಮರದ ಬೊಡ್ಡೆ ಕೆಳಗಿಂದ ಎಗರಿ ಹೊಡೀತು. ಆನೆಗೆ ಅಲ್ಲಾಡದ ನಮ್ಮ ಸಾಲು ಒಂದು ಬೊಡ್ಡೆಗೆ ಸಡಿಲ ಆಯ್ತು. ಯಾರಿಗೂ ಹೇಳಬೇಡಮ್ಮ, ಇದು ನಮ್ಮ ಕೊರತೆ."

ಬೂದಕ್ಕ ಎದ್ದು ನಿಂತ್ಲು. ಆ ಮಳೆಯಲ್ಲೇ ಹೊರಗೆ ಹಾರಿ ಕುಣಿದ್ಲು!

"ಕೊರತೆ ಅಂತೀರಾ? ನಿಮ್ಮ ಕೊರತೆನೇ ನನ್ನ ಮರಿಗೆ ಬಾಗಿಲು!"

ಈಗ ತಿಳೀತಾ ಭೂಮಿ? ಇನ್ನೂ ಇಲ್ವಾ? ಹೋಗು, ಒಂದು ಮೊಟ್ಟೆ ತಗೊಂಡು ಬಾ. ಬುಟ್ಟಿದಲ್ಲ ಮಾರಾಯ್ತಿ, ಅಡುಗೆಮನೆದು! ಬಳೆ ತೆಗೆದಿಡು. ಮೊಟ್ಟೆಯ ಚೂಪು ತುದಿ ಒಂದು ಅಂಗೈಗೆ, ಅಗಲ ತುದಿ ಇನ್ನೊಂದು ಅಂಗೈಗೆ. ಈಗ ಒತ್ತು. ಇನ್ನೂ ಜೋರಾಗಿ. ಬೆಳಗ್ಗೆ ಮೂರು ರೊಟ್ಟಿ ತಿಂದಿದ್ದು ಎಲ್ಲಿಗೆ ಹೋಯ್ತು? ಒತ್ತು!

ಒಡೀತಾ? ಇಲ್ಲ ತಾನೇ. ನಿನ್ನ ಬಲ ಎಲ್ಲ ಆ ಚಿಪ್ಪಿನ ಸುತ್ತ ಹರಿದು ಹಂಚಿ ಹೋಗ್ತಿದೆ. ಒಂದೇ ಕಡೆ ಚಮಚದಿಂದ ಟಕ್ ಅಂತ ಕೊಟ್ಟರೆ ಒಡೆಯುತ್ತೆ, ಅದು ಬೇರೆ. ಅಂಗೈ ಒತ್ತಿದ್ದಕ್ಕೆ ಒಡೆಯಲ್ಲ. ಸಾಕು, ಇಡು ಆ ಮೊಟ್ಟೆ, ಸಂಜೆ ಸಾರಿಗೆ ಬೇಕು.

ಬೂದಕ್ಕ ಮನೆಗೆ ಬಂದ್ಲು. ಮತ್ತೆ ಮೊಟ್ಟೆ ಇಟ್ಟಳು. ಈ ಸಲ ತಟ್ಟಲಿಲ್ಲ, ಚೌಕ ಮಾಡಲಿಲ್ಲ. ಹಸಿ ಇರುವಾಗಲೇ ಕೊಕ್ಕಿನಿಂದ ತಿರುಗಿಸಿ, ಎದೆಯಿಂದ ಹೊರಳಿಸಿ, ತಿರುಗಿಸಿ ಹೊರಳಿಸಿ, ಎಂಟು ಮೂಲೆನೂ ಸವೆಸಿದ್ಲು. ಗುಂಡಗೆ, ಚೆಂಡಿನ ಹಂಗೆ ಆಯ್ತು. "ಎಷ್ಟು ಚೆನ್ನಾಗಿದೆ!" ಅಂತ ಹಿಂದೆ ಸರಿದು ನೋಡಿದ್ಲು. ಅವಳು ಸರಿದದ್ದೇ ತಡ, ಮೊಟ್ಟೆ ಇಳಿಜಾರಲ್ಲಿ ಹೊರಟಿತು.

"ಲೇ, ಉರುಳ್ತು! ಉರುಳ್ತು ಉರುಳ್ತು!" ಅಂತ ಜುಟ್ಟಪ್ಪ ಬೇಲಿ ಮೇಲಿಂದ ಕೂಗಿದ. ಹಿಡೀಬೇಕು ಅಂತ ಹೊಳೀಲಿಲ್ಲ ಮಹಾನುಭಾವನಿಗೆ. ಮೊಟ್ಟೆ ಉರುಳಿ ಉರುಳಿ ಕೆಳಗಿನ ಹೊಂಡಕ್ಕೆ ಬಿತ್ತು, ಬುಳಕ್.

ನೋಡು, ಕಟ್ಟುವ ಕೆಲಸ ಅಂದ್ರೆ ಹಿಂಗೇ. ಒಂದು ಕಡೆ ಸರಿ ಮಾಡಿದ್ರೆ ಇನ್ನೊಂದು ಕಡೆ ಕೈ ಕೊಡುತ್ತೆ. ಬೂದಕ್ಕ ಈ ಸಲ ಅಳಲಿಲ್ಲ. ಉರುಳಿದ ದಾರೀನ ಕತ್ತು ಓರೆ ಮಾಡಿ ನೋಡಿದ್ಲು. ಮಾರನೇ ದಿನದ ಮೊಟ್ಟೆಗೆ ಒಂದು ತುದಿ ಸ್ವಲ್ಪ ಚೂಪು ಮಾಡಿದ್ಲು. ತಳ್ಳಿದ್ಲು. ಅದು ನೆಟ್ಟಗೆ ಹೋಗಲಿಲ್ಲ. ಗಾಣದೆತ್ತಿನ ಹಂಗೆ ಸುತ್ತು ಹೊಡೆದು ವಾಪಸ್ ಅವಳ ಕಾಲ ಬುಡಕ್ಕೇ ಬಂತು. "ಹೂಂ, ಅಮ್ಮನ ಬಿಟ್ಟು ಹೋಗಬಾರದು," ಅಂದ್ಲು. ಅಂಥವು ಮೂರು ಮಾಡಿದ್ಲು. ಗಾಳಿ ಬಂದು ಊದಿ ಆರಿಸ್ತು. ಚಿಪ್ಪು ಎಷ್ಟು ತೆಳ್ಳಗೆ ಗೊತ್ತಾ? ಒಣಗಿದ ಎಲೆಯಷ್ಟು.

ಸುದ್ದಿ ಹರಡ್ತು. ಹಕ್ಕಿಗಳೆಲ್ಲ ಬಂದು ಸೇರಿದವು. ಬಂಡೆಯಪ್ಪ ಇದ್ದ ಕಡೆಯಿಂದಲೇ ನೋಡಿ ನಕ್ಕ. "ನನ್ನ ಮೈ ಮೇಲಿನ ಪಾಚಿ ಇದಕ್ಕಿಂತ ದಪ್ಪ ಇದೆ! ಇದರ ಮೇಲೆ ಕೂರ್ತಾಳಂತೆ!" ಜುಟ್ಟಪ್ಪನೂ ಹತ್ತಿರ ಬಂದು ಪಿಸುಗುಟ್ಟಿದ. "ಬೇಡ ಕಣೇ ಬೂದಿ. ಇನ್ನೊಂದು ಸಲ ನಿನ್ನ ಅಳು ನೋಡೋಕೆ ನನ್ನ ಕೈಲಾಗಲ್ಲ."

ಬೂದಕ್ಕ ಮೊಟ್ಟೆ ಹತ್ತಿರ ಹೋಗಿ ಎರಡು ಸಲ ಹಿಂದೆ ಸರಿದ್ಲು. ಧೈರ್ಯ ಅಂದ್ರೆ ಹೆದರಿಕೆ ಇರಬಾರದು ಅಂತಲ್ಲ ಮಗಳೇ. ನನಗೆ ಗೊತ್ತು.

ಶಾಲೆಗೆ ಹೋಗುವಾಗ ದಿನಾ ಹಳ್ಳದ ಸೇತುವೆ ದಾಟ್ತೀಯಲ್ಲ, ಅದನ್ನ ಕಟ್ಟಿದ್ದು ನಿಮ್ಮ ತಾತ ಮತ್ತೆ ನಾನು. 'ಮತ್ತೆ ನಾನು', ಅದನ್ನ ನೆನಪಿಟ್ಕೋ. ಕಲ್ಲು ಕೆತ್ತಿ ಕೂರಿಸಿದ್ದು ಅವರು, ಗಾರೆ ಅರೆದು ತಲೆ ಮೇಲೆ ಹೊತ್ತು ಕೊಟ್ಟವಳು ನಾನು. ಕಮಾನು ಕೂಡೋ ತನಕ ಕಲ್ಲುಗಳಿಗೆ ಕೆಳಗಿಂದ ಮರದ ಆಸರೆ ಕೊಟ್ಟಿರ್ತಾರೆ. ನೆತ್ತಿಯ ಕಲ್ಲು ಕೂತು ಗಾರೆ ಒಣಗಿದ ಮೇಲೆ ಆ ಮರ ತೆಗೀತಾರೆ. ತೆಗೆಯೋ ದಿನ ಊರಿಗೆ ಊರೇ ದಂಡೆ ಮೇಲೆ ದೂರ ನಿಂತಿತ್ತು.

ನಿಮ್ಮ ತಾತನ ಮನೆತನದಲ್ಲಿ ಒಂದು ಪದ್ಧತಿ. ಮರ ತೆಗೆಯುವಾಗ ಕಟ್ಟಿದವನ ಹೆಂಡತಿ ಮಕ್ಕಳು ಕಮಾನಿನ ಕೆಳಗೇ ಕೂತು ಬುತ್ತಿ ಉಣ್ಣಬೇಕು, ಅವನೂ ಜೊತೆಗೆ. 'ನಮ್ಮ ಮಕ್ಕಳನ್ನ ಕೂರಿಸೋಕೆ ಆಗದ ಕಡೆ ಊರ ಮಕ್ಕಳನ್ನ ನಡೆಸ್ತೀವಾ?' ಅನ್ನೋರು. ನನ್ನ ಮಡಿಲಲ್ಲಿ ನಿಮ್ಮಪ್ಪ, ಎಂಟು ತಿಂಗಳ ಕೂಸು. ಬುತ್ತಿ ಬಿಚ್ಚೋಕೆ ಹೋದ್ರೆ ಗಂಟೇ ಬಿಚ್ಚೋಕೆ ಬರ್ತಿಲ್ಲ. ಮರ ಎಳೆದ್ರು. ಕಮಾನು ಒಂದೇ ಸಲ 'ಕಟ್' ಅಂತು. ನಾನು ನಿಮ್ಮಪ್ಪನ ಮೇಲೆ ಬಗ್ಗಿಬಿಟ್ಟೆ.

ಆಮೇಲೆ ಏನೂ ಇಲ್ಲ. ಕಲ್ಲುಗಳು ಒಂದಕ್ಕೊಂದು ಒರಗಿಕೊಂಡ ಸದ್ದು ಅದು. ನಿಮ್ಮ ತಾತ ತಲೆ ಎತ್ತಿ ಕೂಡ ನೋಡಲಿಲ್ಲ. 'ಸಾರು ಚೆನ್ನಾಗಿದೆ, ಇನ್ನೊಂದು ಮುದ್ದೆ ಹಾಕು' ಅಂದ್ರು. ಅವರು ಈಗಿಲ್ಲ, ಸೇತುವೆ ಇದೆ. ಮೊನ್ನೆ ಕಲ್ಲು ತುಂಬಿದ ಲಾರಿ ಹೋಯ್ತು, ಒಂದು ಚಕ್ಕೆನೂ ಉದುರಲಿಲ್ಲ. ಹೆಮ್ಮೆ ಅಂದ್ರೆ ಹೆಮ್ಮೆನೇ ಕಣೆ, ಯಾಕೆ ಮುಚ್ಚಿಡಲಿ?

ಹಂಗೇ ಬೂದಕ್ಕನೂ ಕೂತ್ಲು. ಮೊದಲು ಒಂದು ಕಾಲು ಮಡಿಸಿದ್ಲು. ಆಮೇಲೆ ಇನ್ನೊಂದು. ಎದೆ ಇಳಿಸಿದ್ಲು, ರೆಕ್ಕೆ ಇಳಿಸಿದ್ಲು. ಕಡೆಗೆ ಇದ್ದ ಭಾರ ಎಲ್ಲಾ ಇಳಿಸಿದ್ಲು. ಗಾಳಿ ಕೂಡ ಬಾಯಿ ಮುಚ್ತು ಆಗ.

ಲಟಕ್ ಅನ್ನಲಿಲ್ಲ.

ಹಕ್ಕಿಗಳು ಕಾದವು. ಲಟಕ್ ಅನ್ನಲೇ ಇಲ್ಲ! ಬಂಡೆಯಪ್ಪನ ಬಾಯಿ ಆಕಳಿಕೆ ಇಲ್ಲದೆ ತೆರೀತು.

ಇಪ್ಪತ್ತೊಂದು ದಿನ ಕೂತ್ಲು. ದಿನಕ್ಕೆ ನಾಲ್ಕಾರು ಸಲ ಎದ್ದು, ಎಲ್ಲಾದ್ರೂ ಮೂಲೆ ಗೀಲೆ ಉಳಿದಿದೆಯಾ ಅಂತ ಕೊಕ್ಕಿನಿಂದ ಒಂದೊಂದೇ ಮೊಟ್ಟೆ ಹೊರಳಿಸಿ ನೋಡೋಳು. ನಮ್ಮ ಕೋಳಿ ಮೊಟ್ಟೆ ಹೊರಳಿಸೋದು ನೋಡಿದ್ದೀಯಲ್ಲ, ಅದು ಅವಳಿಂದ ಬಂದ ಅಭ್ಯಾಸ.

ಇಪ್ಪತ್ತೊಂದನೇ ದಿನ ಬಂತು. ಟಕ್. ಟಕ್ ಟಕ್.

ಅವತ್ತೂ ಇದೇ ಸದ್ದು ಬಂದು ನಿಂತಿತ್ತು. ಮರಕುಟಿಗ ಹಾರಿ ಬಂದು, "ಅಕ್ಕ, ಕುಟ್ಟಲಾ?" ಅಂದ. ಬೂದಕ್ಕನ ಮುರಿದ ಕೊಕ್ಕೂ ತಾನಾಗೇ ಮೊಟ್ಟೆ ಕಡೆ ಬಗ್ಗಿತು. ಬಗ್ಗಿದ ಕೊಕ್ಕನ್ನ ಹಿಂದಕ್ಕೆ ಎಳಕೊಂಡ್ಲು.

"ಬೇಡ ತಮ್ಮ," ಅಂದ್ಲು. "ಗೋಡೆ ಕಟ್ಟೋದು ನನ್ನ ಕೆಲಸ ಆಗಿತ್ತು, ಮುಗಿಸಿದ್ದೀನಿ. ಬಾಗಿಲು ತೆಗೆಯೋದು ಅದರ ಕೆಲಸ."

ಟಕ್ ಟಕ್. ಟಕ್ ಟಕ್ ಟಕ್. ಒಂದು ಕೂದಲೆಳೆ ಬಿರುಕು ಬಿತ್ತು. ಆನೆ ಹಿಂಡಿಗೆ ಬಗ್ಗದ ಕಮಾನಿನ ವಿದ್ಯೆ, ಅಕ್ಕಿ ಕಾಳಷ್ಟು ಕೊಕ್ಕಿಗೆ ಒಳಗಿಂದ ದಾರಿ ಬಿಡ್ತು. ಅಗಲ ತುದಿ ಸುತ್ತ ಬಿರುಕು ಓಡ್ತು, ಚಿಪ್ಪು ಮುಚ್ಚಳದ ಹಂಗೆ ಎದ್ದಿತು, ಒದ್ದೆ ತಲೆಯೊಂದು ಹೊರಗೆ ಬಂತು. ಜಗತ್ತಿನಲ್ಲಿ ಮೊಟ್ಟೆಯಿಂದ ಬಂದ ಮೊದಲ ಹಕ್ಕಿ! "ಚಿಂವ್," ಅಂತು.

ಬೂದಕ್ಕ ಏನು ಮಾಡಿದ್ಲು ಗೊತ್ತಾ? ಎದ್ದು ನಿಂತು ಕತ್ತೆತ್ತಿ ಕೂಗಿದ್ಲು: "ಕೊಕ್ ಕೊಕ್ ಕೊಕ್ಕೋ! ನಾನು ಕಟ್ಟಿದ್ದು! ಕೊಕ್ ಕೊಕ್ ಕೊಕ್ಕೋ! ನಾನು ಕಟ್ಟಿದ್ದು!" ಇವತ್ತಿಗೂ ಮೊಟ್ಟೆ ಇಟ್ಟ ಕೋಳಿ ಓಣಿಗೆಲ್ಲ ಕೇಳೋ ಹಂಗೆ ಕೂಗೋದು ಅದನ್ನೇ. ಜಂಭ ಅಂತಾರೆ ಜನ. ಅನ್ನಲಿ ಬಿಡು. ನಾಲ್ಕು ಸಲ ಸೋತು ಐದನೇ ಸಲಕ್ಕೆ ಬಂಡೆಗೇ ಬರದ ವಿದ್ಯೆ ಕಲಿತವಳು ಪಿಸುಗುಟ್ಟಬೇಕಾ?

ಜುಟ್ಟಪ್ಪನೂ ಬೇಲಿ ಹತ್ತಿ ಕೂಗಿದ, ತಾನೇ ಕಟ್ಟಿದೋನ ಹಂಗೆ. ಅವನು ಇನ್ನೂ ನಿಲ್ಲಿಸಿಲ್ಲ, ನಾಳೆ ಬೆಳಗ್ಗೆ ಕೇಳಿಸ್ಕೋ.

ಬಂಡೆಯಪ್ಪ ಮಾತ್ರ ಮೆತ್ತಗೆ ಕೇಳಿದ: "ಬೂದಕ್ಕ, ಆ ಎಲೆಯಂಥ ಗೋಡೆಯಲ್ಲಿ ಅಷ್ಟು ಬಲ ಎಲ್ಲಿತ್ತು?"

"ಬಲ ದಪ್ಪದಲ್ಲಿಲ್ಲ ಬಂಡೆಯಪ್ಪ," ಅಂದ್ಲು ಅವಳು. "ಬಾಗುವಿಕೆಯಲ್ಲಿದೆ."

ಆಮೇಲೆ ಎಲ್ಲಾ ಹಕ್ಕಿಗಳೂ ಬಂದು ಅವಳ ಹತ್ತಿರ ಕಲಿತವು. ಗುಬ್ಬಿ ಕಲೀತು, ಗಿಳಿ ಕಲೀತು, ನವಿಲು ಕಲೀತು. ಹಾವು, ಆಮೆ, ಹಲ್ಲಿ ಕೂಡ ನೋಡಿ ಮೂಲೆ ಬಿಟ್ಟವು.

ಇರು. ಶ್... ಮಾತಾಡಬೇಡ. ಬುಟ್ಟಿ ಹತ್ತಿರ ಕಿವಿ ತಾ. ಕೇಳಿಸ್ತಾ?

ಟಕ್.

ಹಾಂ ಹಾಂ, ಕೈ ಹಾಕಬೇಡ! ಗೊತ್ತಮ್ಮ, ನನ್ನ ಕೈನೂ ತುರಿಸ್ತಿದೆ, ಆದ್ರೂ ಸೆರಗು ಬಿಗಿಯಾಗಿ ಹಿಡಕೊಂಡು ಕೂತಿದ್ದೀನಿ ನೋಡು. ನೀನೂ ಹಿಡ್ಕೋ, ಈ ಕಡೆ ತುದಿ. ಕೋಳಿ ಕೂಡ ಅಲ್ಲಾಡ್ತಿಲ್ಲ, ತನ್ನ ಭಾರ ಎಲ್ಲಾ ಹಾಕಿ ಕೂತಿದೆ, ಒಂದೂ ಒಡೆದಿಲ್ಲ. ಅಗೋ, ರೆಕ್ಕೆ ಅಂಚಿಂದ ಇಣುಕಿರೋ ಆ ಮೊಟ್ಟೆಗೆ ಬಿರುಕು ಬಂತು! ಅಗಲ ತುದೀಲೇ, ನೋಡಿದ್ಯಾ?

ಅದಕ್ಕೇ ಕಣೆ ಭೂಮಿ, ಇವತ್ತಿಗೂ ಮೊಟ್ಟೆಗೆ ಮೂಲೆ ಇಲ್ಲ: ಅಮ್ಮ ಮೇಲೆ ಕೂತರೆ ಅದು ಗೋಡೆ, ಮರಿ ಒಳಗಿಂದ ತಟ್ಟಿದರೆ ಅದು ಬಾಗಿಲು, ಈಗ ನಿನ್ನ ಕಣ್ಣ ಮುಂದೆ ತೆರೀತಿರೋದೂ ಅದೇ ಬಾಗಿಲು.